ನೀರು ಕವಲಾಗುವ ನೆತ್ತಿ

ವರ್ಮಾಂಟ್ ರಾಜ್ಯದ ವುಡ್‌ಸ್ಟಾಕಿನಲ್ಲಿ ಮಾರ್ಚ್ ತಿಂಗಳೆಂದರೆ ಹಿಮ ಇನ್ನೂ ನೆಲ ಬಿಟ್ಟಿರುವುದಿಲ್ಲ, ಆದರೆ ಮೇಪಲ್ ಮರಗಳ ಒಳಗೆ ರಸ ಏರತೊಡಗಿರುತ್ತದೆ. ಇರುಳೆಲ್ಲ ಹೆಪ್ಪುಗಟ್ಟಿಸುವ ಚಳಿ, ಹಗಲಿಗೆ ಎಳೆಬಿಸಿಲು, ಅವೆರಡರ ತುಯ್ದಾಟದಲ್ಲಿ ತೊಗಟೆಯಡಿಯ ಸಿಹಿನೀರು ಎಚ್ಚರಗೊಂಡು, ಕಾಂಡಕ್ಕೆ ಕೊರೆದ ಸಣ್ಣ ತೂತಿನಿಂದ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಬೋಳು ಕೊಂಬೆ, ಬಿಳಿಯ ನೆಲ, ಎಲ್ಲೂ ಹಸಿರಿನ ಸುಳಿವಿಲ್ಲ. ಆದರೂ ಒಳಗೊಳಗೇ ಒಂದು ಹರಿವು. ಅಂಥ ಮಾರ್ಚ್ ತಿಂಗಳಲ್ಲಿ, 1801ರ 15ರಂದು, ಜಾರ್ಜ್ ಪರ್ಕಿನ್ಸ್ ಮಾರ್ಷ್ ಹುಟ್ಟಿದ್ದು. ತಂದೆ ಚಾರ್ಲ್ಸ್ ಮಾರ್ಷ್ ಆ ಸೀಮೆಯ ಹೆಸರಾಂತ ವಕೀಲರು. ಆ ಮನೆತನ ಬೆಳೆದು ಬಾಳಿದ್ದು ಮೌಂಟ್ ಟಾಮ್ ಎಂಬ ಗುಡ್ಡದ ತಪ್ಪಲಿನಲ್ಲಿ, ಒಟ್ಟಾಕ್ವೀಚಿ ನದಿಯ ಸನಿಹದಲ್ಲಿ. ಆ ಕೂಸು ದೊಡ್ಡದಾಗಿ ವಕೀಲನಾಯಿತು, ಅಮೆರಿಕದ ಪ್ರತಿನಿಧಿಸಭೆಗೆ ಆರಿಸಿಹೋಯಿತು, ದೂರದ ಎರಡು ರಾಜ್ಯಗಳಲ್ಲಿ ತನ್ನ ದೇಶದ ರಾಯಭಾರಿಯಾಯಿತು. ಆದರೂ ಆ ಬದುಕನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಪದವಿಗಳನ್ನು ದಾಟಿಕೊಂಡು ಆ ಗುಡ್ಡದ ಕಡೆಗೆ, ಆ ನೀರಿನ ಕಡೆಗೆ ತಾನಾಗಿಯೇ ಸರಿಯುತ್ತದೆ.

ಏಳೆಂಟು ವರ್ಷಕ್ಕೇ ಆ ಹುಡುಗನಿಗೆ ಅಕ್ಷರದ ಹಸಿವು ಹತ್ತಿತ್ತು. ಮನೆಯಲ್ಲಿದ್ದ ದೊಡ್ಡದೊಂದು ವಿಶ್ವಕೋಶಕ್ಕೆ ಮುಖವಿಟ್ಟು ಓದಿದ, ಓದಿಯೇ ಓದಿದ. ಕೊನೆಗೆ ಕಣ್ಣು ಸೋತವು. ದೃಷ್ಟಿ ಪೂರ್ತಿ ಹೋಗಿಯೇಬಿಡುವುದೇನೋ ಎಂಬ ಹೆದರಿಕೆ ಹುಟ್ಟಿತು, ಪುಸ್ತಕ ಮುಟ್ಟಕೂಡದೆಂಬ ಕಟ್ಟಳೆ ಬಂತು. ಹಾಗೆ ಒಂದೆರಡು ದಿನವಲ್ಲ, ವರ್ಷಗಳೇ ಕಳೆದವು. ಬೇರೆಯವರು ಓದಿ ಹೇಳಿದ್ದನ್ನು ಕೇಳಿ ನೆನಪಿನಲ್ಲಿ ಇಟ್ಟುಕೊಳ್ಳುವುದು, ಉಳಿದ ಹೊತ್ತೆಲ್ಲ ಹೊರಗೆ ತಿರುಗುವುದು. ಸಣ್ಣ ಅಕ್ಷರದ ಮೇಲೆ ನಿಲ್ಲಲಾರದ ಕಣ್ಣಿಗೆ ಮರದ ಮೈ ಸಿಕ್ಕಿತು, ಗುಡ್ಡದ ಏಣು ಸಿಕ್ಕಿತು, ಎಲೆಗಳ ಎಡೆಯಿಂದ ಸೋಸಿ ಬರುವ ಬೆಳಕಿನ ಮಂದ ಹಸಿರು ಸಿಕ್ಕಿತು. ಕಣ್ಣು ಮಾಡಲಾರದ ಕೆಲಸವನ್ನು ಕಿವಿ ಮಾಡಿತು, ಮೂಗು ಮಾಡಿತು, ತೊಗಟೆ ತಡವುವ ಬೆರಳು ಮಾಡಿತು. ಒಂದು ಬಾಗಿಲು ಮುಚ್ಚಿದ್ದರಿಂದ ಇಡೀ ಗೋಡೆಯೇ ಇಲ್ಲದಂತಾದ ಆ ವರ್ಷಗಳನ್ನು ನಾನು ಎಷ್ಟು ಬಗೆಯಲ್ಲಿ ಊಹಿಸಿಕೊಂಡರೂ ತಣಿವಿಲ್ಲ.

ಒಂದು ದಿನ ತಂದೆ ಅವನನ್ನು ಕುದುರೆಗಾಡಿಯಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಸಿಗುವ ಮರಗಳನ್ನು ತೋರಿಸುತ್ತ, ಇದು ಇಂಥದು, ಇದನ್ನು ಹೀಗೆ ಗುರುತಿಸಬೇಕು ಎಂದು ಹೇಳಿಕೊಡುತ್ತ, ಕಡಿದಾದ ಒಂದು ದಿಣ್ಣೆಯ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದರು. ನೋಡು, ಇಲ್ಲಿ ನೀರು ಬೇರೆ ಬೇರೆ ದಿಕ್ಕಿಗೆ ಇಳಿದುಹೋಗುತ್ತದೆ ಎಂದರು. ಅಷ್ಟೇ. ಅದನ್ನು ಆ ಹುಡುಗ ಬದುಕಿಡೀ ಮರೆಯಲಿಲ್ಲ. ಮೇಲಿನಿಂದ ಒಟ್ಟಿಗೆ ಬೀಳುವ ಎರಡು ಹನಿ, ನಡುವೆ ಒಂದು ಗೇಣಿನಷ್ಟೂ ಅಂತರವಿಲ್ಲದೆ ಒಂದೇ ಹುಲ್ಲಿನ ಬುಡಕ್ಕೆ ಬಿದ್ದವು, ಒಂದು ಈ ಕಡೆಗೆ ಜಾರಿ ಒಂದು ಆ ಕಡೆಗೆ ಜಾರಿ, ಬೇರೆ ಬೇರೆ ತೊರೆ ಸೇರಿ, ಬೇರೆ ಬೇರೆ ಕಣಿವೆಗಳ ಹೆಸರು ಹೊತ್ತು, ಮತ್ತೆಂದೂ ಒಂದನ್ನೊಂದು ಕಾಣದಷ್ಟು ದೂರ ಹರಿದುಹೋಗುತ್ತವಲ್ಲ, ಅಷ್ಟು ದೊಡ್ಡ ಅಗಲಿಕೆಗೆ ಆ ನೆತ್ತಿಯ ಮೇಲಿನ ಒಂದು ಸಣ್ಣ ಕಲ್ಲಿನ ಓರೆ ಸಾಕಾಗುತ್ತದಲ್ಲ! ಆಟವಾಡುವ ವಯಸ್ಸಿನ ಮಗುವಿಗೆ ಇದನ್ನು ತೋರಿಸಿಕೊಟ್ಟ ತಂದೆಯೂ ದೊಡ್ಡವರೇ. ಆದರೆ ತೋರಿಸಿದ್ದನ್ನು ಎಪ್ಪತ್ತು ವರ್ಷ ಬಿಡದೆ ನೋಡುತ್ತ ಹೋದ ಮಗು ಇನ್ನೂ ದೊಡ್ಡದು.

1849ರಲ್ಲಿ, ನಡುವಯಸ್ಸು ದಾಟುವ ಹೊತ್ತಿಗೆ, ಸಸ್ಯವಿಜ್ಞಾನಿ ಅಸಾ ಗ್ರೇ ಅವರಿಗೆ ಬರೆದ ಪತ್ರವೊಂದರಲ್ಲಿ ಮಾರ್ಷ್ ತಮ್ಮ ಬಾಲ್ಯವನ್ನು ನೆನೆಯುತ್ತಾರೆ. ಗುಳುಗುಳು ಹರಿಯುವ ತೊರೆ, ಮರ, ಹೂ, ಕಾಡಿನ ಜೀವಗಳು, ಇವು ಯಾವುವೂ ತನಗೆ ವಸ್ತುಗಳಾಗಿರಲಿಲ್ಲ, ವ್ಯಕ್ತಿಗಳಾಗಿದ್ದವು ಎನ್ನುತ್ತಾರೆ. ಕಾನೂನು ಓದಿದವರ ಬಾಯಿಂದ ಬಂದ ಮಾತು ಎಂಬುದರಿಂದ ಅದಕ್ಕೆ ಇನ್ನೊಂದು ತೂಕ ಬಂದುಬಿಡುತ್ತದೆ. ನ್ಯಾಯಾಲಯದಲ್ಲಿ ವಸ್ತುವಿಗೆ ಮಾತಿಲ್ಲ, ಅಹವಾಲಿಲ್ಲ, ಅದನ್ನು ಕೊಳ್ಳಬಹುದು, ಮಾರಬಹುದು, ಒಡೆಯಬಹುದು. ವ್ಯಕ್ತಿಯಾದರೆ ಅವನ ಎದುರು ನಿಂತು ಉತ್ತರ ಹೇಳಬೇಕಾಗುತ್ತದೆ. ತೊರೆಯೊಂದು ಎದುರು ನಿಂತು ಕೇಳಿದರೆ ಏನು ಉತ್ತರ ಹೇಳುವುದು? ಮಾರ್ಷ್ ಅವರ ಉಳಿದ ಬದುಕೆಲ್ಲ ಆ ಕೇಳದ ಪ್ರಶ್ನೆಗೆ ಕೊಡುತ್ತಹೋದ ಉತ್ತರವೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಏಕೆಂದರೆ ಅವರ ಕಣ್ಣೆದುರಿಗೇ ಆ ವ್ಯಕ್ತಿಗಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರು. ವಲಸೆ ಬಂದವರ ಕೊಡಲಿಗೆ ವರ್ಮಾಂಟಿನ ಬೆಟ್ಟಗಳು ಬೆತ್ತಲಾಗುತ್ತ ಬಂದ ಕಾಲವದು. ಮರ ಸುಟ್ಟ ಬೂದಿಯಿಂದ ಪೊಟ್ಯಾಷ್ ತೆಗೆದು ಮಾರಿದರು, ದಿಮ್ಮಿ ಮಾರಿದರು, ಬರಿದಾದ ಇಳಿಜಾರಿಗೆ ಮೆರಿನೊ ಕುರಿಗಳನ್ನು ಅಟ್ಟಿದರು. 1840ರ ಹೊತ್ತಿಗೆ ಮೂರು ಲಕ್ಷವೂ ತುಂಬದ ಜನರ ಆ ರಾಜ್ಯದಲ್ಲಿ 16 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. ಅಷ್ಟು ಬಾಯಿಗಳು, ಅಷ್ಟು ಗೊರಸುಗಳು, ಎಳೆಯ ಗಿಡ ತಲೆ ಎತ್ತುವ ಮೊದಲೇ ಮೇಯ್ದು ಮುಗಿಸುತ್ತ, ಮಣ್ಣಿನ ಮೆದುಮೈಯನ್ನು ತುಳಿದು ಗಟ್ಟಿಮಾಡುತ್ತ. ಆಮೇಲೆ ಮಳೆ ಬಂದರೆ ನೀರು ನಿಲ್ಲದೆ ಓಡಿತು, ಓಡುವಾಗ ಮಣ್ಣನ್ನೂ ಕರೆದುಕೊಂಡು ಹೋಯಿತು. ಎಲ್ಲರೂ ನೋಡಿದ್ದು ಇದೇ ದೃಶ್ಯ. ತೆರೆದ ಬಯಲು ಹೆಚ್ಚಿತೆಂದು, ನಾಡು ಬೆಳೆಯಿತೆಂದು ಸಂತೋಷಪಟ್ಟರು. ಆದರೆ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿ ನೀರು ನೋಡಿದ ಹುಡುಗನಿಗೆ ಕಂಡದ್ದು, ನೀರು ತನ್ನ ನಡಿಗೆಯನ್ನೇ ಬದಲಿಸಿಕೊಂಡದ್ದು.

ವಕೀಲಿ ಅವರ ಕೈಗೆ ಬಂತು, ಮನಸ್ಸಿಗೆ ಒಗ್ಗಲಿಲ್ಲ. ಡಾರ್ಟ್‌ಮತ್ ಕಾಲೇಜಿನಲ್ಲಿ 1820ರಲ್ಲಿ ಓದು ಮುಗಿಸಿದರು, ಮೇಷ್ಟರಾದರು, ಮತ್ತೆ ಕಣ್ಣು ಕೈಕೊಟ್ಟವು. ಬೇರೆಯವರು ಓದಿದ್ದನ್ನು ಕೇಳಿ ಕೇಳಿಯೇ ಕಾನೂನು ಕಲಿತು 1825ರಲ್ಲಿ ಬರ್ಲಿಂಗ್ಟನ್ ಪಟ್ಟಣದಲ್ಲಿ, ಷಾಂಪ್ಲೇನ್ ಸರೋವರದ ದಂಡೆಯಲ್ಲಿ, ವಕೀಲಿ ಹಿಡಿದರು. 1833ರಲ್ಲಿ ಹೆಂಡತಿ ಹ್ಯಾರಿಯೆಟ್ ತೀರಿಕೊಂಡರು. ಕೆಲವೇ ದಿನಗಳ ಅಂತರದಲ್ಲಿ ಹಿರಿಯ ಮಗನೂ ಹೋದ. ಉಣ್ಣೆ ಗಿರಣಿ, ಕುರಿ ಸಾಕಣೆ, ಕೈಹಾಕಿದ ಉದ್ಯಮ ಯಾವುದೂ ದಡ ಹತ್ತಲಿಲ್ಲ, ಸಾಲ ಬೆನ್ನು ಬಿಡಲಿಲ್ಲ. ಕೋರ್ಟಿನ ಕಾಗದಗಳ ನಡುವೆ ಅವರು ಭಾಷೆಗಳನ್ನು ಕಲಿತರು, ಸುಮಾರು ಇಪ್ಪತ್ತು ಭಾಷೆ. 1838ರಲ್ಲಿ ಐಸ್‌ಲ್ಯಾಂಡಿನ ಹಳೆಯ ನುಡಿಗೊಂದು ವ್ಯಾಕರಣವನ್ನೇ ಬರೆದು ಅಚ್ಚು ಹಾಕಿಸಿದರು. ಸೋತ ಕಣ್ಣಿನ ಮನುಷ್ಯ ದೂರದ ಹಿಮದ್ವೀಪವೊಂದರ ಕ್ರಿಯಾಪದಗಳನ್ನು ಸಾಲಾಗಿ ಜೋಡಿಸುತ್ತ ಕೂತ ಆ ಸಂಜೆಗಳ ಹಿಂದೆ ಇದ್ದದ್ದೂ ಅದೇ ಹಸಿವು: ಮನುಷ್ಯ ಭೂಮಿಯ ಮೇಲೆ ಎಲ್ಲೆಲ್ಲಿ ನಿಂತ, ಏನೇನು ಕಂಡ, ಕಂಡದ್ದನ್ನು ಏನೆಂದು ಕರೆದ ಎಂಬ ತೀರದ ಕುತೂಹಲ.

1843ರಿಂದ 1849ರವರೆಗೆ ಅವರು ವಾಷಿಂಗ್ಟನ್ನಿನ ಪ್ರತಿನಿಧಿಸಭೆಯಲ್ಲಿದ್ದರು. ಗುಲಾಮಗಿರಿ ಹೊಸ ಸೀಮೆಗಳಿಗೆ ಹಬ್ಬುವುದನ್ನು ವಿರೋಧಿಸಿದರು, ಮೆಕ್ಸಿಕೊ ಮೇಲಿನ ಯುದ್ಧವನ್ನು ವಿರೋಧಿಸಿದರು. ಆದರೆ ಆ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ, ಅಮೆರಿಕದ ನೆಲವನ್ನು ಒಮ್ಮೆಯೂ ತುಳಿಯದವರು, ಜ್ಞಾನ ಬೆಳೆಯಲಿ, ಹರಡಲಿ ಎಂದು ಐದು ಲಕ್ಷ ಡಾಲರಿಗೂ ಮಿಕ್ಕ ಆಸ್ತಿಯನ್ನು ಆ ದೇಶಕ್ಕೆ ಬರೆದಿಟ್ಟು ತೀರಿಕೊಂಡಿದ್ದರು. ಆ ಹಣದಿಂದ ಏನು ಮಾಡುವುದೆಂದು ಸಭೆ ವರ್ಷಗಟ್ಟಲೆ ಚರ್ಚಿಸಿತು. 1846ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ರೂಪ ಕೊಟ್ಟವರಲ್ಲಿ ಮಾರ್ಷ್ ಒಬ್ಬರು. ಕಾಣದ ದೇಶಕ್ಕೆ ಒಬ್ಬ ಬರೆದಿಟ್ಟ ಆಸೆಯನ್ನು ಇನ್ನೊಬ್ಬ ಬಗ್ಗಿ ಎತ್ತಿಕೊಂಡ ಹಾಗಿದೆ ಇದು. ನಡುವೆ ಒಂದು ಸಾಗರ, ಒಂದು ಸಾವು, ಆದರೂ ಕೈಯಿಂದ ಕೈಗೆ ದಾಟಿದ ದೀಪ ಆರಲಿಲ್ಲ.

1847ರ ಸೆಪ್ಟೆಂಬರಿನಲ್ಲಿ ವರ್ಮಾಂಟಿನ ರಟ್ಲೆಂಡ್ ಕೃಷಿ ಸಂಘದ ರೈತರೆದುರು ಅವರು ಮಾತಾಡಿದರು. ಬೆಳೆ, ದನ, ಗೊಬ್ಬರದ ಮಾತಿನ ನಡುವೆ ಮೆಲ್ಲಗೆ ಕಾಡಿನ ಮಾತಿಗೆ ಇಳಿದರು. ಕಾಡಿನ ನೆಲ ಎಂಬುದು ಎಷ್ಟು ತಲೆಮಾರಿನ ಎಲೆ ಎಲೆಯ ಮೇಲೆ ಬಿದ್ದು, ಕೊಳೆತು, ಪಾಚಿಯೊಡನೆ, ಬೇರಿನ ಜಾಲದೊಡನೆ ಬೆಸೆದುಕೊಂಡದ್ದು. ಅದು ಮಳೆಯನ್ನು ಹಳೆಯ ಕಂಬಳಿಯಂತೆ ಹೀರಿ ಹಿಡಿದಿಟ್ಟುಕೊಂಡು, ಬೇಸಿಗೆಯುದ್ದಕ್ಕೂ ಒರತೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ನೆರಳಿನಲ್ಲಿ ಹಿಮ ತಡವಾಗಿ ಕರಗುತ್ತದೆ, ತಡವಾದ್ದರಿಂದಲೇ ಹೊಳೆ ಉಕ್ಕುವುದಿಲ್ಲ. ಮರ ಹೋದರೆ ಈ ತಡೆಯುವಿಕೆ ಹೋಗುತ್ತದೆ, ವಸಂತದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿಯ ಕಲ್ಲು. ಈ ತಡೆದು ಕೊಡುವ ಗುಣ, ಸಿಕ್ಕಿದ್ದನ್ನೆಲ್ಲ ಒಮ್ಮೆಗೇ ಹರಿಯಬಿಡದ ಈ ತಾಳ್ಮೆ, ಯಾರ ಕಣ್ಣಿಗೂ ಬೀಳದೆ ತರಗೆಲೆಯ ಅಡಿಯ ಕತ್ತಲಲ್ಲಿ ನಡೆಯುತ್ತಿರುತ್ತದೆ. ಕಾಡಿನಲ್ಲಿ ನಡೆಯುವಾಗ ಕಾಲಡಿಯ ಆ ಮೆತ್ತನೆಯಲ್ಲಿ ಹೋದ ಮಳೆಗಾಲವೊಂದು ಇನ್ನೂ ಉಳಿದಿದೆ ಎಂದು ಅರಿತವನಿಗೆ ಹೆಜ್ಜೆಯ ಸದ್ದೂ ಜಾಸ್ತಿಯೆನ್ನಿಸೀತು.

ಆಮೇಲೆ ಬದುಕು ಅವರನ್ನು ಮರವೇ ಇಲ್ಲದ ನಾಡುಗಳಿಗೆ ಕರೆದೊಯ್ದಿತು. 1849ರಲ್ಲಿ ಆಟೊಮನ್ ಸಾಮ್ರಾಜ್ಯಕ್ಕೆ ರಾಯಭಾರಿಯಾಗಿ ನೇಮಕಗೊಂಡರು. ಎರಡನೆಯ ಹೆಂಡತಿ ಕ್ಯಾರೊಲೈನ್ ಜೊತೆಗಿದ್ದರು. ಆರೋಗ್ಯ ಕೆಟ್ಟವರು, ಅವರ ಕಣ್ಣೂ ಅಷ್ಟಕ್ಕಷ್ಟೇ. 1851ರಲ್ಲಿ ಇಬ್ಬರೂ ನೈಲ್ ನದಿಯಲ್ಲಿ ಮೇಲೇರಿ, ಸಿನಾಯ್ ಮರಳುಗಾಡು ಹಾದು, ಪೆಟ್ರಾದ ಕೆಂಬಂಡೆಗಳನ್ನು ಕಂಡು, ಜೆರೂಸಲೇಮ್ ಮುಟ್ಟಿದರು. ಒಂಟೆಯ ಮೇಲೆ ಕೂತ ಮಾರ್ಷ್‌ಗೆ ಆ ಪ್ರಾಣಿಯ ಮೇಲೆ ಎಷ್ಟು ಬೆರಗು ಹುಟ್ಟಿತೆಂದರೆ 1856ರಲ್ಲಿ ಅದರ ಮೈಕಟ್ಟು, ನಡವಳಿಕೆಗಳ ಮೇಲೇ ಒಂದು ಪುಸ್ತಕ ಬರೆದರು. ಸ್ಮಿತ್ಸೋನಿಯನ್ನಿನಲ್ಲಿದ್ದ ಗೆಳೆಯ ಸ್ಪೆನ್ಸರ್ ಬೇರ್ಡ್‌ಗಾಗಿ ಮೀನು, ಹಲ್ಲಿ, ಹಾವುಗಳನ್ನು ಸಂಗ್ರಹಿಸಿ ಕಳಿಸಿದರು. ಆದರೆ ಅವರು ಒಳಗೆ ತುಂಬಿಕೊಂಡು ಬಂದದ್ದು ಬೇರೆ. ಹಳೆಯ ಗ್ರಂಥಗಳಲ್ಲಿ ಹೊಲ, ತೋಟ, ಬುಗ್ಗೆಗಳ ನಾಡೆಂದು ಓದಿದ್ದ ಜಾಗಗಳಲ್ಲಿ ಈಗ ಬಿಸಿಲಿಗೆ ಬೆಂದ ಬಂಡೆ, ನೀರಿಲ್ಲದ ಹಳ್ಳದ ಪಾತ್ರ, ಒಡೆದ ಕಾಲುವೆಯ ಕಲ್ಲುಗಳು. ಆ ಬರಿನೆಲವನ್ನು ನೋಡುತ್ತ ನಿಂತವರಿಗೆ ತಮ್ಮೂರ ಹಸಿಕುಳೆಗಳ ಗುಡ್ಡ ನೆನಪಾಗದೆ ಇದ್ದೀತೇ? ಅಲ್ಲಿ ಐವತ್ತು ವರ್ಷದಲ್ಲಿ ಮೊದಲಾದದ್ದು ಇಲ್ಲಿ ಎರಡು ಸಾವಿರ ವರ್ಷದ ಕೊನೆಗೆ ಬಂದು ನಿಂತಿತ್ತು. ಒಂದೇ ಕಥೆಯ ಮೊದಲ ಪುಟವನ್ನೂ ಕಡೆಯ ಪುಟವನ್ನೂ ಒಂದೇ ಬದುಕಿನಲ್ಲಿ ಓದುವುದು ಅವರ ಪಾಲಿಗೆ ಬಂತು.

ಊರಿಗೆ ಮರಳಿದ ಮೇಲೆ, 1857ರಲ್ಲಿ, ವರ್ಮಾಂಟ್ ಸರ್ಕಾರ ಅವರಿಗೊಂದು ಸಣ್ಣ ಕೆಲಸ ವಹಿಸಿತು: ಹೊಳೆಗಳಲ್ಲಿ ಮೀನು ಕಡಿಮೆಯಾಗುತ್ತಿದೆ, ಬೆಳೆಸುವ ದಾರಿ ಹೇಳಿ. ಅವರು ಮೀನಿನಿಂದ ಹೊರಟು ಹೊಳೆಗೆ, ಹೊಳೆಯಿಂದ ದಡಕ್ಕೆ, ದಡದಿಂದ ಗುಡ್ಡಕ್ಕೆ ಏರಿದರು. ಒಡ್ಡು ಕಟ್ಟಿದ್ದು, ಗಿರಣಿಯ ಕಸ ನೀರಿಗೆ ಬಿಟ್ಟದ್ದು ಒಂದು ಕಡೆ. ದಡದ ಮರ ಹೋಗಿ ನೆರಳು ಹೋದದ್ದು, ನೀರು ಬಿಸಿಯಾದದ್ದು, ಕೊಂಬೆಯಿಂದ ಉದುರಿ ಮೀನಿಗೆ ಆಹಾರವಾಗುತ್ತಿದ್ದ ಹುಳುಹುಪ್ಪಟೆ ಇಲ್ಲವಾದದ್ದು ಇನ್ನೊಂದು ಕಡೆ. ಎಲೆಯ ತುದಿಯಿಂದ ಜಾರುವ ಒಂದು ಹುಳು, ಅದಕ್ಕಾಗಿ ಕೆಳಗೆ ತಣ್ಣನೆಯ ನೆರಳಿನಲ್ಲಿ ಕಾಯುವ ಒಂದು ಮೀನು, ಅವೆರಡರ ನಡುವಿನ ಆ ಒಂದು ಮಾರು ಗಾಳಿಯಲ್ಲಿ ಎಷ್ಟು ನಂಬಿಕೆ ತೂಗಾಡುತ್ತಿದೆ!

1861ರಲ್ಲಿ ಅಧ್ಯಕ್ಷ ಲಿಂಕನ್, ಮಾರ್ಷ್ ಅವರನ್ನು ಆಗತಾನೆ ಒಂದಾಗಿದ್ದ ಇಟಲಿಗೆ ಕಳಿಸಿದರು. ಅಲ್ಲಿಂದ ಸಾಯುವವರೆಗೂ, 21 ವರ್ಷ, ಟ್ಯೂರಿನ್, ಫ್ಲಾರೆನ್ಸ್, ರೋಮ್ ಎಂದು ರಾಜಧಾನಿ ಬದಲಾದ ಹಾಗೆಲ್ಲ ತಾವೂ ಬದಲಾಗುತ್ತ, ಅದೇ ಹುದ್ದೆಯಲ್ಲಿ ಉಳಿದರು. ಅತ್ತ ತಾಯ್ನಾಡಿನಲ್ಲಿ ಅಂತರ್ಯುದ್ಧದ ನೆತ್ತರು. ಇತ್ತ ಟ್ಯೂರಿನ್ ಬಳಿಯ ಪಿಯೋಬೇಸಿ ಎಂಬ ಹಳ್ಳಿಯ ಹಳೆಯ ಕೋಟೆಮನೆಯಲ್ಲಿ ಕೂತು, ಬಯಲಿನಾಚೆ ಆಲ್ಪ್ಸ್ ಬೆಟ್ಟಸಾಲು ನಿಂತ ಆ ಸೀಮೆಯಲ್ಲಿ, ಅವರು ತಮ್ಮ ದೊಡ್ಡ ಪುಸ್ತಕವನ್ನು ಬರೆದರು. ‘ಮ್ಯಾನ್ ಅಂಡ್ ನೇಚರ್’ 1864ರಲ್ಲಿ ಹೊರಬಂತು. ಭೂಮಿ ಮನುಷ್ಯನನ್ನು ರೂಪಿಸಿತೆಂದು ಹೇಳುವ ಗ್ರಂಥಗಳು ಆಗಲೇ ಇದ್ದವು. ಮನುಷ್ಯ ಭೂಮಿಯನ್ನು ಹೇಗೆ ಮಾರ್ಪಡಿಸಿಬಿಟ್ಟ ಎಂಬುದನ್ನು ಕಾಡು, ನೀರು, ಮರಳು ಎಂದು ಒಂದೊಂದಾಗಿ ಬಿಡಿಸಿಟ್ಟದ್ದು ಇದು.

ಅಂಥ ಗಂಭೀರ ಗ್ರಂಥದ ಮಡಿಕೆಗಳಲ್ಲಿ ಅಡಗಿರುವ ಸಣ್ಣ ಸಣ್ಣ ಸೋಜಿಗಗಳೇ ನನ್ನನ್ನು ಮತ್ತೆ ಮತ್ತೆ ಅದರ ಬಳಿಗೆ ಎಳೆಯುತ್ತವೆ. ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸನ್ ರೋಮಿನಲ್ಲಿ ಕಡೆದ ಅಮೃತಶಿಲೆಯ ಮೂರ್ತಿಗಳನ್ನು ಹುಲ್ಲಿನಲ್ಲಿ ಸುತ್ತಿ ಕೋಪನ್‌ಹೇಗನ್ನಿಗೆ ಸಾಗಿಸಿದರಂತೆ. ಮೂರ್ತಿಗಳು ಒಳಗೆ ಹೋದವು, ಸುತ್ತಿದ ಹುಲ್ಲು ಸಂಗ್ರಹಾಲಯದ ಅಂಗಳದಲ್ಲಿ ಚೆಲ್ಲಿಹೋಯಿತು. ಮುಂದಿನ ಋತುವಿಗೆ ಆ ಉತ್ತರದ ಚಳಿನಾಡಿನ ಅಂಗಳದಲ್ಲಿ ರೋಮ್ ಸುತ್ತಲಿನ ಬಯಲಿನ 25 ಜಾತಿಯ ಗಿಡಗಳು ಮೊಳೆತು ನಿಂತಿದ್ದವು. ಶಿಲೆಯನ್ನು ನೋಡಲು ಎಲ್ಲರೂ ಒಳಗೆ ನಡೆದಾಗ, ಯಾರೂ ಕರೆಯದೆ ಬಂದ ಇನ್ನೊಂದು ಇಟಲಿ ಹೊರಗೆ ಬಿಸಿಲಿಗೆ ಎಲೆ ಬಿಚ್ಚುತ್ತಿತ್ತು. ಇನ್ನೊಂದು ಕಡೆ ಬೀವರ್‌ಗಳ ಸಂಗತಿ ಬರುತ್ತದೆ. ಪ್ಯಾರಿಸ್ಸಿನ ಟೋಪಿ ತಯಾರಕನೊಬ್ಬ ರೇಷ್ಮೆಯ ಹ್ಯಾಟು ಕಂಡುಹಿಡಿದ, ಶೋಕಿ ಬದಲಾಯಿತು, ಬೀವರ್ ತುಪ್ಪಳದ ಹ್ಯಾಟು ಕೇಳುವವರಿಲ್ಲದಾಯಿತು. ಸಾಗರದಾಚೆ ಅಮೆರಿಕದ ಕಾಡುಗಳಲ್ಲಿ ಬೀವರ್‌ಗಳು ಮತ್ತೆ ಹೆಚ್ಚಿದವು, ಬಿಟ್ಟುಹೋಗಿದ್ದ ಜಾಗಗಳಿಗೆ ಮರಳಿದವು. ಬೀವರ್ ಬಂದಲ್ಲಿ ಒಡ್ಡು, ಒಡ್ಡು ಇದ್ದಲ್ಲಿ ಮಡು. ಅಂಗಡಿಯ ಕನ್ನಡಿಯ ಮುಂದೆ ಒಬ್ಬ ಟೋಪಿ ಬದಲಿಸಿದ್ದಕ್ಕೆ ಸಾವಿರಾರು ಮೈಲಿಯಾಚೆ ತೊರೆಯೊಂದು ನಿಂತು ಕೆರೆಯಾಗುತ್ತದೆ, ಅದರಲ್ಲಿ ಆಕಾಶ ಬಂದು ಮಲಗುತ್ತದೆ.

ಇವನ್ನು ಓದುತ್ತ ಹೋದ ಹಾಗೆ ದೊಡ್ಡದು, ಸಣ್ಣದು ಎಂಬ ಅಳತೆಗಳು ಕೈಯಿಂದ ಜಾರುತ್ತವೆ. ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಯುಗಯುಗಾಂತರ ಕೆಳಗಿಳಿದು ಕೂತು ಬೆಟ್ಟದ ಕಲ್ಲಾಗುತ್ತದೆ; ಎರೆಹುಳು ನೆಲವನ್ನು ನುಂಗಿ ಉಗುಳಿ ಹದಮಾಡುತ್ತದೆ. ಪ್ರಕೃತಿಯ ಬಳಿ ಕಿರಿದೆಂಬುದೇ ಇಲ್ಲ, ನಮ್ಮ ನೋಟ ಕಿರಿದಾದ್ದರಿಂದ ಹಾಗೆ ಕಾಣುತ್ತದೆ ಎಂಬ ಅರಿವು ಆ ಪುಟಗಳ ಅಡಿಯಲ್ಲಿ ಅಂತರ್ಜಲವಾಗಿ ಹರಿಯುತ್ತದೆ. ದೇವರ ಹೆಸರು ಹೇಳಿ ಕೈಮುಗಿಸುವ ಪುಸ್ತಕವಲ್ಲ ಅದು, ಅಂಕಿಅಂಶ, ಅಡಿಟಿಪ್ಪಣಿಗಳಿಂದ ತುಂಬಿದ್ದು. ಆದರೂ ಒಂದು ಬೀಜದ ಪಯಣವನ್ನು, ಒಂದು ಹೊಳೆಯ ಕೆಸರನ್ನು ಅಷ್ಟು ಗೌರವದಿಂದ ಹಿಂಬಾಲಿಸುವವನ ಪಕ್ಕದಲ್ಲಿ ನಡೆಯುವಾಗ ಚಪ್ಪಲಿ ಕಳಚಿಟ್ಟು ನಡೆಯಬೇಕೆನ್ನಿಸುತ್ತದೆ.

ಆ ಬೆರಗಿಗೆ ಹೊಂದಿಕೊಂಡೇ ಒಂದು ನಡುಕವೂ ಇದೆ. ಸಣ್ಣದೆಂಬುದಿಲ್ಲದಿದ್ದರೆ ಸಣ್ಣ ತಪ್ಪು ಎಂಬುದೂ ಇಲ್ಲ. ಫ್ರಾನ್ಸಿನ ಆಲ್ಪ್ಸ್ ಇಳಿಜಾರುಗಳಲ್ಲಿ ಮರ ಕಡಿದು, ಆಡು ಕುರಿ ಮೇಯಿಸಿ ಬಿಟ್ಟ ಮೇಲೆ ಒಂದೇ ಮಳೆಗೆ ಹಳ್ಳಗಳು ಹುಚ್ಚೆದ್ದು ಬಂಡೆಗಳನ್ನು ಉರುಳಿಸಿಕೊಂಡು ಬಂದು ಕೆಳಗಿನ ಗದ್ದೆಗಳನ್ನು ಕಲ್ಲಿನಡಿ ಹೂತುಹಾಕುತ್ತಿದ್ದುದನ್ನು ಮಾರ್ಷ್ ನೋವಿನಿಂದ ಬರೆಯುತ್ತಾರೆ. ಅಜ್ಜ ಕಡಿದ ಮರದ ನೆರಳು ಮೊಮ್ಮಗನ ಅಂಗಳದಲ್ಲಿ ಕಲ್ಲಾಗಿ ಬೀಳುತ್ತದೆ. ಯಾವ ದುರುದ್ದೇಶವೂ ಇಲ್ಲದೆ, ಒಲೆಗೆ ಸೌದೆ, ಕುರಿಗೆ ಮೇವು ಎಂಬ ದಿನದಿನದ ಅಗತ್ಯಗಳಲ್ಲೇ ಒಂದು ಸೀಮೆ ಮುಗಿದುಹೋಗುತ್ತದೆ.

ಆದರೆ ಕಟ್ಟುವ ಕೈಯನ್ನೂ ಅವರು ಅಷ್ಟೇ ಪ್ರೀತಿಯಿಂದ ನೋಡಿದರು. ಟಸ್ಕನಿಯ ಕಿಯಾನಾ ಕಣಿವೆ ಒಂದು ಕಾಲಕ್ಕೆ ನಿಂತ ನೀರಿನ ಜೌಗು, ಮಲೇರಿಯಾದ ಬೀಡು. ಅಲ್ಲಿಯವರು, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಫೊಸ್ಸೊಂಬ್ರೋನಿ ಎಂಬ ಎಂಜಿನಿಯರರ ನಾಯಕತ್ವದಲ್ಲಿ, ಬೆಟ್ಟದಿಂದ ಕೆಂಪಗೆ ಇಳಿಯುವ ಹೊಳೆಗಳನ್ನು ತಡೆಯಲು ಹೋಗಲಿಲ್ಲ. ಒಡ್ಡು ಕಟ್ಟಿದ ಅಂಕಣಗಳಿಗೆ ಅವನ್ನು ಕರೆದು, ನಿಲ್ಲಿಸಿ, ಹೊತ್ತು ತಂದ ಮಣ್ಣನ್ನು ಇಳಿಸುವವರೆಗೂ ಕಾದು, ತಿಳಿಯಾದ ನೀರನ್ನು ಮುಂದಕ್ಕೆ ಬಿಟ್ಟರು. ವರ್ಷಾನುವರ್ಷ ಹೀಗೆ ಪದರದ ಮೇಲೆ ಪದರ ಕೂತು ಜೌಗು ಮೇಲೆದ್ದಿತು, ಹೊಲವಾಯಿತು. ಟೈಬರ್ ನದಿಯ ಕಡೆಗೆ ಹೋಗುತ್ತಿದ್ದ ಕಣಿವೆಯ ನೀರಿನ ಬಹುಪಾಲು ತಿರುಗಿ ಆರ್ನೊ ನದಿಯ ಕಡೆಗೆ ಹರಿಯತೊಡಗಿತು. ನೀರು ಕವಲಾಗುವ ಗೆರೆಯನ್ನೇ ಮನುಷ್ಯನ ತಾಳ್ಮೆ, ಹೊಳೆಯ ಹೂಳು ಎರಡೂ ಸೇರಿ ಮೆಲ್ಲಗೆ ಸರಿಸಿಟ್ಟ ಸಂಗತಿಯಿದು. ಇದನ್ನು ಬರೆಯುವಾಗ ಮಾರ್ಷ್ ಅವರ ಒಳಗಿನ ಆ ಗಾಡಿಯ ಹುಡುಗ ಎಷ್ಟು ಹಿಗ್ಗಿರಬೇಕು!

ಬರೆದ ಪುಸ್ತಕದ ಹಕ್ಕನ್ನು ಅವರು ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಗೆಂದಿದ್ದ ಸಂಸ್ಥೆಗೆ ಕೊಟ್ಟುಬಿಟ್ಟರು; ಕೈಯಲ್ಲಿ ಕಾಸಿಲ್ಲದವರ ದಾನ ಅದು. ಒಡಹುಟ್ಟಿದವರೂ ಸ್ನೇಹಿತರೂ ಅದನ್ನು ಹಣ ಕೊಟ್ಟು ಬಿಡಿಸಿ ಅವರಿಗೇ ಮರಳಿಸಿದರು. ಪುಸ್ತಕ ತನ್ನ ಪಾಡಿಗೆ ಲೋಕ ಸುತ್ತಿತು. ಉತ್ತರ ಹಿಮಾಲಯದ ಇಳಿಜಾರುಗಳಲ್ಲಿ, ಕಾಶ್ಮೀರ, ಟಿಬೆಟ್ಟಿನವರೆಗೂ ಅದನ್ನು ಹೊತ್ತು ತಿರುಗಿದೆ ಎಂದು ಅವರಿಗೆ ಬರೆದವರು ಹ್ಯೂ ಕ್ಲೆಗಾರ್ನ್; ಮದರಾಸು ಪ್ರಾಂತ್ಯದ ಕಾಡುಗಳ ಮೊದಲ ಸಂರಕ್ಷಣಾಧಿಕಾರಿ. ಈ ಕ್ಲೆಗಾರ್ನ್ 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯರಾಗಿದ್ದವರು. ಅಲ್ಲಿ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದ್ದರು; ಮಲೆನಾಡಿನ ಸೆರಗಿನ ಆ ಎಲೆ, ಹೂ, ಕಾಯಿಗಳು ಇಂದಿಗೂ ಎಡಿನ್‌ಬರೊದ ಸಸ್ಯೋದ್ಯಾನದ ಸಂಗ್ರಹದಲ್ಲಿ ಬಣ್ಣ ಮಾಸದೆ ಉಳಿದಿವೆ. ಶಿವಮೊಗ್ಗದಲ್ಲಿ ದಿನಕ್ಕೊಂದು ಗಿಡವನ್ನು ನಿಂತು ನೋಡಿದ ಕಣ್ಣು, ವರ್ಮಾಂಟಿನಲ್ಲಿ ನೀರನ್ನು ನಿಂತು ನೋಡಿದ ಕಣ್ಣನ್ನು ಹಿಮಾಲಯದ ಹಾದಿಯಲ್ಲಿ ಪುಸ್ತಕವಾಗಿ ಸಂಧಿಸಿತು ಎಂದು ನೆನೆದಾಗ ನಮ್ಮ ತುಂಗೆಯ ಕಡೆಯ ಕಾಡೂ ಆ ಪುಟಗಳಿಗೆ ಅಷ್ಟೇನೂ ಹೊರಗಿನದಲ್ಲ ಎನ್ನಿಸಿ ಮನಸ್ಸು ತುಂಬುತ್ತದೆ.

1882ರ ಬೇಸಿಗೆಯಲ್ಲಿ, ಎಂಬತ್ತು ದಾಟಿದ ಮಾರ್ಷ್, ವಲ್ಲೊಂಬ್ರೋಸಾ ಬೆಟ್ಟಕ್ಕೆ ಹೋದರು. ಹನ್ನೊಂದನೆಯ ಶತಮಾನದಲ್ಲಿ ಮೊದಲಾದ ಮಠವೊಂದರ ಸುತ್ತ ಸನ್ಯಾಸಿಗಳು ತಲೆಮಾರುಗಳ ಕಾಲ ನೆಟ್ಟು ಬೆಳೆಸಿದ ಫರ್ ಮರಗಳ ಕಾಡು ಅದು. 1869ರಿಂದ ಇಟಲಿಯ ಮೊದಲ ಅರಣ್ಯ ಶಾಲೆ ಅಲ್ಲೇ ನಡೆಯುತ್ತಿತ್ತು. ಜುಲೈ 23ರಂದು ಅವರು ಅಲ್ಲಿ ಕೊನೆಯುಸಿರೆಳೆದರು. ಆ ಅರಣ್ಯ ಶಾಲೆಯ ವಿದ್ಯಾರ್ಥಿಗಳು ಅವರ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಬೆಟ್ಟದಿಂದ ಇಳಿಸಿದರು. ಗಿಡ ನೆಡುವುದನ್ನು ಕಲಿಯುತ್ತಿದ್ದ ಎಳೆಯ ಹೆಗಲುಗಳು, ಗಿಡವನ್ನು ವ್ಯಕ್ತಿಯೆಂದು ಕಂಡವರ ಭಾರ. ರೋಮಿನ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿ, ಯಾವ ಬಯಲಿನ ಬೀಜಗಳು ಮೂರ್ತಿಗಳ ಜೊತೆಗೆ ಉತ್ತರಕ್ಕೆ ಪಯಣಿಸಿದ್ದವೋ ಅದರ ಅಂಚಿನಲ್ಲೇ, ಅವರ ಮಣ್ಣಾಯಿತು.

ಅವರು ಬಿಟ್ಟುಬಂದ ಗುಡ್ಡ ಏನಾಯಿತು? 1869ರಲ್ಲಿ ವುಡ್‌ಸ್ಟಾಕಿನ ಆ ಮನೆಯನ್ನೂ ನೆಲವನ್ನೂ ಕೊಂಡವರು ಫ್ರೆಡರಿಕ್ ಬಿಲ್ಲಿಂಗ್ಸ್, ಅವರೂ ವಕೀಲರೇ. ಮಾರ್ಷ್ ಅವರ ಮಾತನ್ನು ಒಪ್ಪಿದವರು. ಬೋಳಾಗಿದ್ದ ಮೌಂಟ್ ಟಾಮ್ ಮೇಲೆ ಸ್ಪ್ರೂಸ್, ಪೈನ್, ಲಾರ್ಚ್ ಗಿಡಗಳನ್ನು ನೆಡಿಸಿದರು. ಆ ಕಾಡು ಇಂದು ರಾಷ್ಟ್ರೀಯ ಚಾರಿತ್ರಿಕ ಉದ್ಯಾನದ ಭಾಗ. ನ್ಯೂಯಾರ್ಕ್ ರಾಜ್ಯ 1885ರಲ್ಲಿ ಅಡಿರಾಂಡಾಕ್ ಬೆಟ್ಟಗಳ ಕಾಡನ್ನು ಕಾಯ್ದಿರಿಸಿದ್ದರ ಹಿಂದೆಯೂ ಮಾರ್ಷ್ ಅವರ ಬರವಣಿಗೆಯ ಒತ್ತಾಸೆಯಿತ್ತು. ಕುರಿ ಹೋಗಿ, ಹೊಲ ಬಿಟ್ಟು ಜನ ಪಶ್ಚಿಮಕ್ಕೆ ನಡೆದ ಮೇಲೆ, ವರ್ಮಾಂಟಿನ ಸುಮಾರು ಮುಕ್ಕಾಲು ಪಾಲು ನೆಲ ಮತ್ತೆ ಕಾಡಾಗಿದೆ. ಯಾರೋ ಹೊಲದ ಗಡಿಗೆ ಕಟ್ಟಿದ್ದ ಕಲ್ಲಿನ ಗೋಡೆಗಳು ಈಗ ದಟ್ಟ ಮರಗಳ ನಡುವೆ ಪಾಚಿಗಟ್ಟಿಕೊಂಡು, ಯಾವುದನ್ನು ಯಾವುದರಿಂದ ಬೇರೆಮಾಡಬೇಕೆಂಬುದನ್ನೇ ಮರೆತು ನಿಂತಿವೆ.

ಮಾರ್ಷ್ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು: ಜೀವಜೀವಗಳ ನಡುವಿನ ಲೆಕ್ಕ ಮನುಷ್ಯನ ಬುದ್ಧಿಯಿಂದ ಬಿಡಿಸಲಾಗದಷ್ಟು ತೊಡಕಿನದು, ನಾವು ಎಬ್ಬಿಸುವ ಅತಿ ಸಣ್ಣ ಅಲುಗಾಟವೂ ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆಂದು ನಮಗೆಂದೂ ತಿಳಿಯದು. ಇಪ್ಪತ್ತು ಭಾಷೆ ಬಲ್ಲವರು, ನಾಲ್ಕು ಖಂಡಗಳ ನೆಲ ಕಂಡವರು ಆಡಿದ ಮಾತಿದು. ಈ ತಿಳಿಯದಿರುವಿಕೆ ಅವರನ್ನು ಕೈಕಟ್ಟಿ ಕೂರಿಸಲಿಲ್ಲ. ಪುಸ್ತಕವನ್ನು 1874ರಲ್ಲಿ ತಿದ್ದಿ ಬೆಳೆಸಿ ಮತ್ತೆ ಹೊರತಂದರು, ಆಮೇಲೂ ಸಾವಿನ ತನಕ ತಿದ್ದುತ್ತಲೇ ಇದ್ದರು. ಆ ಕೊನೆಯ ತಿದ್ದುಪಡಿಗಳು ಅಚ್ಚಾದದ್ದು ಅವರು ಹೋದ ಮೇಲೆ. ಜಗತ್ತು ತನಗೆ ಪೂರ್ತಿ ಅರ್ಥವಾಯಿತೆಂದುಕೊಂಡವನಿಗೆ ಅದನ್ನು ಮತ್ತೊಮ್ಮೆ ನೋಡುವ ಅಗತ್ಯ ಬೀಳುವುದಿಲ್ಲ. ಅರ್ಥವಾಗಲಿಲ್ಲವೆಂದು ಬಲ್ಲವನು ಮರುದಿನವೂ ಎದ್ದು ನೋಡುತ್ತಾನೆ, ಹೆಜ್ಜೆಯನ್ನು ತುಸು ಹಗುರ ಮಾಡಿಕೊಳ್ಳುತ್ತಾನೆ, ತಾನು ನೆಡುವ ಗಿಡ ಯಾರ ಬೇಸಿಗೆಗೆ ನೆರಳಾಗುವುದೋ ಗೊತ್ತಿಲ್ಲದೆಯೂ ನೆಡುತ್ತಾನೆ. ನಾನು ಬೆರಗು ಎನ್ನುವುದು ಇದನ್ನೇ, ಮತ್ತು ಈ ಬೆರಗಿನಲ್ಲಿ ಪೂಜೆಗೆ ಬೇಕಾದದ್ದೆಲ್ಲ ಇದೆ ಎಂದು ನಂಬುತ್ತೇನೆ.